ಗಡಿ ದಾಟಿದ ನೂಲಿನ ತೆನೆ

ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಡಬ್ಲಿನ್ನಿನ ಸಮುದಾಯ ತೋಟದಲ್ಲಿ ಒಟಿಲಿಯಾ ಬಿತ್ತಿದ ಮುಸುಕಿನ ಜೋಳ ಹಾಲುಗಾಳಾಗಿ ನಿಂತಿತ್ತು. ಆದರೆ ಮನೆಯಲ್ಲಿ ಯಾರೂ ಒಂದು ತೆನೆಯನ್ನೂ ಮುರಿಯುವಂತಿರಲಿಲ್ಲ.

ಒಟಿಲಿಯಾ ಮೆಕ್ಸಿಕೋದ ಬೆಟ್ಟಸೀಮೆಯ ಹುಯಿಚೋಲ್ ಜನಾಂಗದವಳು. ಹಲಗೆಗೆ ಜೇನುಮೇಣ ಬಳಿದು, ಅದರ ಮೇಲೆ ಬಣ್ಣದ ನೂಲನ್ನು ಹೆಬ್ಬೆರಳಿನಿಂದ ಎಳೆಎಳೆಯಾಗಿ ಒತ್ತಿ ಚಿತ್ರ ಮಾಡುವುದು ಅವಳ ಕಸುಬು. ಮಗಳು ಲೂಸಿಯಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋದರೆ ಮೊಮ್ಮಗಳು ಮರಿಸೋಲ್ ಅಜ್ಜಿಯ ಜೊತೆಗಿರುತ್ತಿದ್ದಳು.

ಅವರಲ್ಲಿ ಸುಗ್ಗಿ ಹಬ್ಬಕ್ಕೆ ದೀಕ್ಷೆ ಪಡೆದ ಹಾಡುಗಾರ ಬೇಕು. ಅವನು ಡೋಲು ಬಡಿದು ಹಾಡುವಾಗ ಮಕ್ಕಳು ಗಿಲಕಿ ಆಡಿಸುತ್ತಾ, ಆ ಹಾಡಿನೊಂದಿಗೆ ದೇವರ ನೆಲದವರೆಗೆ ಹಾರಿ ಬರುತ್ತಾರೆ ಎಂಬ ನಂಬಿಕೆ. ಅದಾದ ಮೇಲೆಯೇ ಹೊಸ ಜೋಳ ಬಾಯಿಗೆ. ಊರಿನಿಂದ ಹಾಡಲು ಬರಬೇಕಿದ್ದ ಒಟಿಲಿಯಾಳ ಅಣ್ಣ ಯುಸೆಬಿಯೋಗೆ ಈ ಸಲ ವೀಸಾ ಸಿಗಲಿಲ್ಲ.

ಫೋನಿನಲ್ಲಿ ಹಾಡಿಸಿದರಾಯಿತು ಎಂದಳು ಲೂಸಿಯಾ.

"ಹಾಡೋನು, ಕೇಳೋ ಮಗು, ಇಬ್ರೂ ಒಂದೇ ಬೆಂಕಿ ಮುಂದೆ ಇರ್ಬೇಕು," ಎಂದಳು ಒಟಿಲಿಯಾ. "ಅವನು ಬರೋಕಾಗ್ದಿದ್ರೆ ನಾವೇ ಹೋಗ್ತೀವಿ."

ಆದರೆ ಬೆಂಕಿಯ ಮುಂದೆ ಇಡಬೇಕಾದ ತಮ್ಮ ಬೆಳೆಯ ತೆನೆಯನ್ನು ವಿಮಾನದಲ್ಲಿ ಗಡಿ ದಾಟಿಸುವಂತಿರಲಿಲ್ಲ. ಒಟಿಲಿಯಾ ಎದೆಗುಂದಲಿಲ್ಲ. ತೆನೆಯ ಬದಲು ಅದರ ಚಿತ್ರವನ್ನೇ ಒಯ್ಯಲೆಂದು ಹಲಗೆಯನ್ನು ತೋಟಕ್ಕೇ ಹೊತ್ತು ತಂದಳು. ತಣ್ಣನೆ ಗಾಳಿಗೆ ಮೇಣ ಕಲ್ಲಾಗುತ್ತಿತ್ತು. ಪಕ್ಕದ ಮಡಿಯಲ್ಲಿ ಅವರೆ ಬೆಳೆಯುತ್ತಿದ್ದ ವಸುಧಾ ವಿಷಯ ಕೇಳಿ ತಿಳಿದುಕೊಂಡು, ಬಿಸಿಲಿಗೆ ನಿಲ್ಲಿಸಿದ್ದ ತನ್ನ ಕಾರಿನ ಬಾಗಿಲು ತೆರೆದುಕೊಟ್ಟಳು. ಒಳಗಿನ ಕಾವಿಗೆ ಮೇಣ ಮೆದುವಾಯಿತು. ಒಟಿಲಿಯಾ ಎದುರಿಗಿದ್ದ ತೆನೆಯನ್ನೇ ನೋಡಿಕೊಂಡು, ಅದನ್ನು ಸುತ್ತಿದ ರವದಿಯ ಹಸಿರು, ಕೂದಲಿನ ಕೆಂಪು, ಇಲಿ ಕಡಿದ ತುದಿ, ಒಂದನ್ನೂ ಬಿಡದೆ ನೂಲಿನಲ್ಲಿ ಕೂರಿಸಿದಳು. ಹೆಬ್ಬೆರಳು ಬಾತುಕೊಂಡರೂ ನಿಲ್ಲಿಸಲಿಲ್ಲ.

"ನಮ್ಮ ಮಂಡ್ಯದ ಕಡೇನೂ ಹೊಸ ಅಕ್ಕಿ ಮೊದ್ಲು ದೇವ್ರಿಗೆ," ಎಂದ ವಸುಧಾ, ಅವರು ಬರುವತನಕ ಬೆಳೆ ಕಾಯುವ ಹೊಣೆ ಹೊತ್ತಳು.

ಬೆಟ್ಟದ ಊರಿನಲ್ಲಿ ಬೆಂಕಿಯ ಮುಂದೆ, ಎಲ್ಲರ ತೆನೆಗಳ ನಡುವೆ ಒಟಿಲಿಯಾಳ ಹಲಗೆಯೂ ಕೂತಿತು. ಯುಸೆಬಿಯೋ ಅದನ್ನು ಎತ್ತಿ ನೋಡಿ, ತಂಗಿಯ ತಲೆ ಸವರಿ, ಡೋಲು ಎಳೆದುಕೊಂಡ. ಮರಿಸೋಲ್ ಗಿಲಕಿ ಆಡಿಸಿದಳು, ನಡುವೆ ತೂಕಡಿಸಿದಳು, ಎದ್ದು ಮತ್ತೆ ಆಡಿಸಿದಳು.

ಅವರು ಹಿಂದಿರುಗುವಷ್ಟರಲ್ಲಿ ತೋಟದ ಜೋಳ ಬಲಿತು ಗಟ್ಟಿಯಾಗಿತ್ತು. ಒಟಿಲಿಯಾ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು ರೊಟ್ಟಿ ತಟ್ಟಿದಳು. ಮೊದಲ ರೊಟ್ಟಿ ಮರಿಸೋಲಳಿಗೆ, ಮುಂದಿನದು ವಸುಧಾಳಿಗೆ. ಲ್ಯಾಬಿನಿಂದ ಆಗಷ್ಟೇ ಬಂದ ಲೂಸಿಯಾ ನಿಂತುಕೊಂಡೇ ತಿನ್ನುತ್ತಾ, ಮುಂದಿನ ಸಲದ ಬೀಜಕ್ಕೆ ತೆನೆ ಎತ್ತಿಟ್ಟಿದ್ದೀಯಾ ಎಂದು ಅಮ್ಮನನ್ನು ಕೇಳಿದಳು.