ಅಂಜಮ್ಮನ ಹೆಬ್ಬೆರಳು

ಕೈಕಟ್ಟಿ ಕೂರುವುದು ಅಂಜಮ್ಮನ ಹಣೆಯಲ್ಲೇ ಬರೆದಿರಲಿಲ್ಲ. ಹೊಸೂರು ಸೀಮೆಯ ತಳಿ ಎಂಬ ಪೇಟೆಯ ಹತ್ತಿರದ ಅವಳ ಊರಲ್ಲಿ ಅವಳು ಕೂತಿದ್ದನ್ನು ಕಂಡವರು ಕಡಿಮೆ. ಹಾಲು ಕರೆಯುವಾಗ ಮಾತ್ರ ಕೂರುತ್ತಿದ್ದಳು, ಅದೂ ಕುಕ್ಕರಗಾಲಲ್ಲಿ. ಅಂಥವಳ ಬಲಗೈಯನ್ನು, ಜರ್ಮನ್ ಯುದ್ಧದ ಕಾಲದಲ್ಲಿ, ಹೋರಿಯೊಂದು ಮೊಣಕೈ ಕೆಳಗೆ ಸೀಳಿಬಿಟ್ಟಿತು.

ಹೊಸೂರಿನ ಡಾಕ್ಟರು ಹೊಲಿಗೆ ಹಾಕಿದರು. ಗಾಯ ಮಾಯಿತು, ಮಾಂಸವೂ ತುಂಬಿಕೊಂಡಿತು. ಆದರೆ ಹೆಬ್ಬೆರಳು, ತೋರುಬೆರಳು ಸತ್ತಂತೆ ಬಿದ್ದಿದ್ದವು.

"ಮಾಂಸ ಕೂಡ್ಕಂಡೈತಲ್ಲ ಸ್ವಾಮಿ, ಇನ್ನೇನು ರೋಗ ಇದಕ್ಕೆ?"

"ಮಾಂಸ ಕೂಡಿದರೆ ಸಾಲದಮ್ಮ. ಹರಿದ ನರ ಮೇಲಿಂದ ಚಿಗುರಿ ಬಂದು ಆ ಮಾಂಸಕ್ಕೆ ಅಂಟಿಕೊಳ್ಳಬೇಕು. ಬಹಳ ನಿಧಾನ. ಒಮ್ಮೊಮ್ಮೆ ದಾರಿ ತಪ್ಪಿ ಪಕ್ಕದ ಬೆರಳಿಗೆ ಹೋಗುವುದೂ ಉಂಟು," ಎಂದ ಡಾಕ್ಟರು ಅವಳ ಕೈಯನ್ನು ಮೇಲಿಂದ ತಟ್ಟುತ್ತಾ ಬಂದರು. ಗಾಯದ ಕೆಳಗೆ ಜುಮ್ಮೆಂದಿತು. ಅವಳು ಕೈ ಎಳೆದುಕೊಂಡದ್ದು ನೋಡಿ, "ಜುಮ್ಮೆಂದಿತಲ್ಲ? ನರ ಇಲ್ಲಿಯವರೆಗೆ ಬಂದಿದೆ," ಎಂದರು.

ನಿಧಾನ ಅನ್ನುವ ಮಾತನ್ನು ಅಂಜಮ್ಮನಿಗೆ ಹೇಳಬಾರದಿತ್ತು. ಅಂದಿನಿಂದ ಅವಳಿಗೆ ತಟ್ಟಿಕೊಳ್ಳುವುದೇ ಕೆಲಸ. ಒಲೆ ಮುಂದೆ, ಬಾವಿಕಟ್ಟೆಯಲ್ಲಿ, ರಾಗಿ ಹೊಲದ ಬದುವಿನಲ್ಲಿ. ಜುಮ್ಮೆನ್ನುವ ಜಾಗ ನಿನ್ನೆಗಿಂತ ಮುಂದೆ ಸರಿದಿಲ್ಲವೆಂದು ರೇಗುವಳು, ಹೆಬ್ಬೆರಳನ್ನು ಬಾಯಿಗೆ ಬಂದಂತೆ ಬೈಯುವಳು. ಒಳಗೊಳಗೇ ಅವಳಿಗೆ ಭಯ. ಕರುವಿನಿಂದ ಸಾಕಿದ ಹಸು ಕೆಂದಿ ಬೇರೆ ಯಾರು ಕೈಹಾಕಿದರೂ ಒದೆಯುತ್ತಿತ್ತು. ಎಡಗೈ ಒಂದರಲ್ಲೇ ಕರೆದರೆ ಹಾಲು ಪೂರ್ತಿ ಇಳಿಯದೆ ಕೆಚ್ಚಲು ಬಿಗಿಯುತ್ತಿತ್ತು. ಒದೆ ತಿಂದು ಸಾಕಾದ ಗಂಡ ಪಾಪಯ್ಯ ಒಂದು ದಿನ ಹೇಳಿಯೇಬಿಟ್ಟ.

"ಸುಗ್ಗಿ ಮುಗೀಲಿ, ಸೂಳಗಿರಿಗೆ ನನ್ ತಂಗಿ ಮನೇಗೆ ಹೊಡ್ಕಂಡ್ ಹೋಗ್ಬುಡ್ತೀನಿ. ಅವಳು ಹೆಂಗೋ ಪಳಗಿಸ್ಕಂತಾಳೆ."

ಸುಗ್ಗಿ ಮುಗಿಯಿತು. ಜುಮ್ಮೆನ್ನುವುದು ಅಂಗೈ ದಾಟಿತ್ತು, ಬೆರಳು ಮಾತ್ರ ಅಲ್ಲಾಡಿರಲಿಲ್ಲ. ಬೆಳಿಗ್ಗೆ ಪಾಪಯ್ಯ ಹಗ್ಗ ಹಿಡಿದು ಕೊಟ್ಟಿಗೆಗೆ ಬಂದಾಗ ಅಂಜಮ್ಮ ಆಗಲೇ ಕೆಂದಿಯ ಪಕ್ಕ ಕುಕ್ಕರಿಸಿದ್ದಳು. ಬಲಗೈಯಲ್ಲಿ ಮೊಲೆ ಹಿಡಿದು ಹೆಬ್ಬೆರಳಿಗೆ, ಮಡಚು ಅಂದಳು. ಅದು ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ತೋರುಬೆರಳು ಮಡಚಿಕೊಂಡಿತು.

ಡಾಕ್ಟರು ಹೇಳಿದಂತೆ ನರ ದಾರಿ ತಪ್ಪಿತ್ತು. ಅಂಜಮ್ಮ ಮತ್ತೆ ಹೆಬ್ಬೆರಳಿಗೇ ಹೇಳಿದಳು. ಮತ್ತೆ ತೋರುಬೆರಳೇ ಮಡಚಿಕೊಂಡು, ಮೊಲೆಯನ್ನು ಆ ಮೊಂಡು ಹೆಬ್ಬೆರಳಿಗೆ ಒತ್ತಿತು. ನೂಲಿನಷ್ಟು ಸಣ್ಣಗೆ ಹಾಲು ನೆಲಕ್ಕೆ ಬಿತ್ತು. ಕೆಂದಿ ಮೆಲುಕು ಹಾಕುತ್ತಾ ನಿಂತಿತ್ತು.

ಪಾಪಯ್ಯ ಬಾಗಿಲಲ್ಲೇ ನಿಂತುಬಿಟ್ಟ. ಅಂಜಮ್ಮ ತಿರುಗಿ ನೋಡಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು.

"ಹಗ್ಗ ಅತ್ಲಾಗಿ ಮಡಗು, ಚೆಂಬು ತತ್ತಾ," ಅಂದಳು. "ಹಾಲು ಮಣ್ಣುಪಾಲಾಗ್ತೈತೆ."