ನಡುವಿನ ಡಬ್ಬಿ

“ಇನ್ನೂ ನಾಲ್ಕು ತಾಸು” ಎಂದು ಲ್ಯಾಪ್‌ಟಾಪ್ ತೋರಿಸುತ್ತಿತ್ತು. ಹಗರಿಬೊಮ್ಮನಹಳ್ಳಿಯ ನನ್ನ ಫೋಟೊ ಸ್ಟುಡಿಯೊದಲ್ಲಿ ಹೊಸ ಮದುಮಗಳು ರಜಿಯಾ ತನ್ನ ಅಜ್ಜಿಯೊಂದಿಗೆ ಕಾಯುತ್ತಿದ್ದಳು. ಇನ್ನೊಂದು ತಾಸಿನಲ್ಲಿ ಅವಳ ರೈಲು. ಮದುವೆಯ ವಿಡಿಯೊ ಮಾತ್ರ ನನ್ನ ಹೊಸ ಡಾಕಿಂಗ್ ಸ್ಟೇಷನ್ ಎಂಬ, ಹಲವು ಕೇಬಲ್ ಚುಚ್ಚುವ ಡಬ್ಬಿಯ ಮೂಲಕ ಅವಳ ಹಾರ್ಡ್‌ಡಿಸ್ಕಿಗೆ ತೆವಳುತ್ತಿತ್ತು. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಕೊನೆಗೆ, “ನಿಮ್ಮ ಡಿಸ್ಕೇ ಕೆಟ್ಟೈತಿ” ಎಂದು ಗಂಭೀರವಾಗಿ ತೀರ್ಪು ಕೊಟ್ಟೆ.

ಅಜ್ಜಿ ಕನ್ನಡಕ ಏರಿಸಿ ಕೇಳಿದರು: “ನಡುವ ಆ ಡಬ್ಬಿ ಯಾಕ್ರಿ? ಸೀದಾ ಚುಚ್ಚಿ ನೋಡ್ರಿ.”

ನಾನು ತಿಳಿದವನಂತೆ ನಕ್ಕು, ಅವರ ಸಮಾಧಾನಕ್ಕೆಂದು ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ಹದಿನೈದೇ ನಿಮಿಷದಲ್ಲಿ ಮದುವೆ ಪೂರ್ತಿ ಇಳಿಯಿತು. “ಡಿಸ್ಕು ಹುಷಾರಾತಲ್ರಿ!” ಎಂದಳು ರಜಿಯಾ.

ಈಗ ಯಾವ ಯಂತ್ರ ಮೊಂಡು ಹಿಡಿದರೂ, ಅದನ್ನು ಬೈಯುವ ಮೊದಲು ನಡುವೆ ನಾನೇನು ತುರುಕಿದ್ದೇನೆಂದು ನೋಡುತ್ತೇನೆ.