ಹುಲುಗಪ್ಪ ಓದುವ ಡಾಕ್ಟರ ಕಾಗದ

ಬೆಳಕು ಹರಿಯುವ ಹೊತ್ತಿಗೆ, ಹಲವಾಗಲಿನಲ್ಲಿ ತಂಗಿದ್ದ ಹರಪನಹಳ್ಳಿ ಬಸ್ಸು ಗುರುಗುಟ್ಟುತ್ತದೆ. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬರುವ ಪೋಸ್ಟ್‌ಮನ್ ಹುಲುಗಪ್ಪ ಟಪಾಲು ಚೀಲವನ್ನು ಕಂಡಕ್ಟರ ಕೈಗೆ ಕೊಡುತ್ತಾರೆ. “ಜ್ವಾಕಿರಿ, ಒಳಗ ಗಿಡ್ಡಮ್ಮಕ್ಕನ ಕಾಗದ ಐತಿ.” ಚೀಲದಲ್ಲಿ ಊರ ಕಾಗದವೆಲ್ಲ ಇದ್ದರೂ ಇವರಿಗೆ ಅದೊಂದರದೇ ಚಿಂತೆ!

ಗಿಡ್ಡಮ್ಮ ಕೂಲಿ ಮಾಡಿ ಮಗನನ್ನು ಓದಿಸಿದ ತಾಯಿ. ಅಕ್ಷರ ಬಾರದು. ಮಗ ದುರುಗಪ್ಪ ೧೯೭೪ರಲ್ಲಿ ಡಾಕ್ಟರಿಕೆ ಓದಲು ಬಳ್ಳಾರಿಗೆ ಹೋದಂದಿನಿಂದ, ಹಡಗಲಿಯಲ್ಲಿ ಡಾಕ್ಟರಾಗಿರುವ ಇಂದಿನವರೆಗೆ, ಅವನ ಕಾಗದಗಳನ್ನೆಲ್ಲ ಆಕೆ ಕೇಳಿದ್ದು ಹುಲುಗಪ್ಪನವರ ಬಾಯಲ್ಲೇ. ಮುಟ್ಟಿಸುವುದಷ್ಟೇ ಇವರ ನೌಕರಿ, ಓದುವುದು, ಆಕೆಯ ಉತ್ತರ ಬರೆದುಕೊಡುವುದು ಪುಕ್ಕಟೆ. ಜಗಲಿಯ ಮೇಲೆ ಕೂತು ಓದಿದರೆ ಓಣಿಯೇ ನೆರೆಯುತ್ತದೆ.

ಒಮ್ಮೆ ಇದೇ ಫಜೀತಿಗೆ ಬಂದಿತ್ತು. ಮೊದಲ ವರ್ಷ ಹುಡುಗ ಬರೆದದ್ದನ್ನು ಇವರು ಹಿಂದೆಮುಂದೆ ನೋಡದೆ ಗಟ್ಟಿಯಾಗಿ ಓದಿಬಿಟ್ಟರು: ‘ದಿನಾ ಹೆಣ ಕೊಯ್ಯುತ್ತೇನೆ.’ ರಜೆಗೆ ಬಂದವನನ್ನು ಓಣಿಯ ಹೆಂಗಸರು ಸ್ನಾನ ಮಾಡಿಸದೆ ಒಳಗೆ ಬಿಡಲಿಲ್ಲ. “ಅವತ್ತಿಂದ ಮೊದ್ಲು ಮನಸಿನ್ಯಾಗ ಓದ್ಕೊಂತೀನ್ರಿ,” ಎಂದು ಹುಲುಗಪ್ಪ ನಗುತ್ತಾರೆ.

ನಗಲಾರದ ದಿನವೂ ಒಂದಿತ್ತು. ಈ ಕಡೆ ಶುಭ ಸುದ್ದಿಯ ಕಾಗದಕ್ಕೆ ಅರಿಶಿನ ಹಚ್ಚುತ್ತಾರೆ, ಸಾವಿನ ಸುದ್ದಿಯದಕ್ಕೆ ಮೂಲೆ ಹರಿಯುತ್ತಾರೆ. ಮೂಲೆ ಹರಿದದ್ದು ಹೊಸ್ತಿಲು ದಾಟುವಂತಿಲ್ಲ. ಹೋದ ವರ್ಷ ಗಿಡ್ಡಮ್ಮನ ಮಗಳು ಗಾಳೆಮ್ಮ ಚೊಚ್ಚಲ ಹೆರಿಗೆಗೆಂದು ಹಡಗಲಿಗೆ, ಅಣ್ಣನ ಆಸ್ಪತ್ರೆಗೇ ಹೋಗಿದ್ದಳು. ಎಂಟು ದಿನಕ್ಕೆ ಅಲ್ಲಿಂದ ಇನ್‌ಲ್ಯಾಂಡ್ ಪತ್ರ ಬಂತು. ಅದರ ಮೂಲೆ ಇರಲಿಲ್ಲ.

“ತಿರುವಿ ವಿಳಾಸ ನೋಡಿದೆ ಸರ. ವಿಳಾಸದ ಅಕ್ಷರ ಡಾಕ್ಟರದೇ, ಅಂದ್ರ ಅವರು ಅದಾರ. ಹಂಗಾರ ಹೋದಾಕಿ...” ಅಂದು ಹುಲುಗಪ್ಪ ಪಕ್ಕದ ಮನೆಯ ಜಂಬಕ್ಕನನ್ನು ಕರೆದು, “ಮೊದ್ಲು ಗಿಡ್ಡಮ್ಮಕ್ಕಗ ಉಣ್ಣಾಕ ಹಾಕ್ರಿ, ಸುದ್ದಿ ಕೇಳಿದ್ರ ಉಣ್ಣಂಗಿಲ್ಲ” ಎಂದು ತಾವು ಅಂಗಳದಲ್ಲೇ ನಿಂತರಂತೆ. ದಿನಾ ಜಗಲಿ ಹತ್ತಿ ಕೂರುವವರು ಅಂಗಳದಲ್ಲಿ ನಿಂತದ್ದೇ ಸಾಕಾಯಿತು. ಗಿಡ್ಡಮ್ಮ ತಟ್ಟೆ ಸರಿಸಿ ಎದ್ದು ಬಂದಳು. “ಓದು ತಮ್ಮಾ. ಏನಿದ್ರೂ ನಿನ್ನ ಬಾಯಾಗೇ ಕೇಳ್ತೀನಿ.”

ಹುಲುಗಪ್ಪ ಕಾಗದ ಬಿಡಿಸಿದರು. ‘ಅವ್ವಾ, ಗಾಳೆಮ್ಮನಿಗೆ ಹೆಣ್ಣು ಮಗು. ಇಬ್ಬರೂ ಆರಾಮ ಇದ್ದಾರೆ.’ ನಂಬಿಕೆಯಾಗದೆ ಮತ್ತೊಮ್ಮೆ ಓದಿದರು. ಕಡೆಗೆ ಒಂದು ಸಾಲಿತ್ತು: ‘ಔಷಧದ ಚೀಟಿಗೆ ಹಾಳೆ ಸಿಗದೆ ಇದರ ಮೂಲೆಯನ್ನೇ ಹರಿದು ಒಬ್ಬರಿಗೆ ಬರೆದುಕೊಟ್ಟೆ.’

ಗಿಡ್ಡಮ್ಮ ಅಲ್ಲೇ ಕೂತು ಅತ್ತಳು. ಅತ್ತದ್ದು ಮುಗಿದ ಮೇಲೆ ಸಿಟ್ಟು ಬಂತು. “ಡಾಕ್ಟರ ಆಗ್ಯಾನಂತ, ಡಾಕ್ಟರ! ಇಷ್ಟು ತಿಳಿಯಂಗಿಲ್ಲೇನು ಅವಗ? ಬರಿ ತಮ್ಮಾ, ಚಲೋತ್ನಾಗಿ ಬೈದು ಬರಿ!” ಇವರೂ ಏನೂ ಕಡಿಮೆ ಮಾಡದೆ ಬರೆದರು. ಮುಂದಿನ ಕಾಗದ ನಾಲ್ಕು ಮೂಲೆಗೂ ಅರಿಶಿನ ಬಳಿದುಕೊಂಡು ಬಂತು. “ಅರಿಶಿನದಾಗ ಅಕ್ಷರ ಹುಡುಕಿ ಓದಿದೆ ನೋಡ್ರಿ!”

ಈಗ ದುರುಗಪ್ಪ ಹಲವಾಗಲಿಗೇ ವರ್ಗ ಕೇಳಿದ್ದಾರೆ. ಅವರು ಬಂದರೆ ಕಾಗದ ನಿಲ್ಲುತ್ತದೆ, ಜಗಲಿಯ ಮೇಲಿನ ಓದೂ ನಿಲ್ಲುತ್ತದೆ. ಬೇಜಾರಿಲ್ಲವೇ ಎಂದು ಕೇಳುತ್ತೇನೆ.

“ಬೇಜಾರ ಆಗದs ಇರ್ತೈತೇನ್ರಿ?” ಹುಲುಗಪ್ಪ ಕಾಗದ ಹಂಚಿ ಖಾಲಿಯಾದ ಹೆಗಲ ಚೀಲವನ್ನು ಕೊಡವಿ ಮಡಚುತ್ತಾರೆ. “ಆದ್ರೂ ಬರ್ಲಿ ಸರ. ಈ ಊರಾಗ ಡಾಕ್ಟರ ಇಲ್ದ ಹೆರಿಗಿಗೆ, ಜ್ವರಕ್ಕ ಮಂದಿ ಸತ್ತಾರ. ಅವರ ಸುದ್ದಿ ಹೊತ್ತ ಮೂಲಿ ಹರಿದ ಕಾಗದ ಎಲ್ಲಾ ಮುಂಜಾನಿ ಬಸ್ಸಿಗೆ ಹತ್ತಿಸ್ದಾವ ನಾನs. ಅವರು ಬಂದು ಅವು ಕಡಿಮಿ ಆದ್ರ, ನನ್ನ ಚೀಲ ಹಗುರ ಆಕೈತಿ. ಅಷ್ಟs ಸಾಕು.”